ಗಿಟಾರಿನ ಕ್ರಿಸ್ಮಸ್ ಹಾಡು ಮತ್ತು ನಮ್ಮ ಮನೆಯ ಜಗಳ

ಡಿಸೆಂಬರ್ ತಿಂಗಳು ಬಂತೆಂದರೆ ಉತ್ತರ ಬೆಂಗಳೂರಿನಲ್ಲಿ ಕ್ರಿಸ್ಮಸ್ ಹಾಡುಗಳು ಹಲವು ದಿಕ್ಕುಗಳಿಂದ ಕಿವಿಗೆ ಬೀಳತೊಡಗುತ್ತವೆ. ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಚರ್ಚುಗಳಿಂದ ಕ್ಯಾರಲ್ ತಂಡಗಳು ಮನೆ ಮನೆಗೆ ಹೊರಡುತ್ತವೆ. ಯಶವಂತಪುರದ ಸಮೀಪದ ಓರಾಯನ್ ಮಾಲ್‌ನಿಂದ ಬ್ಯಾಟರಾಯನಪುರದ ಮಾಲ್ ಆಫ್ ಏಷ್ಯಾದವರೆಗೆ ಅಂಗಡಿಗಳ ಧ್ವನಿವರ್ಧಕಗಳು ಅವೇ ಹಾಡುಗಳನ್ನು ಗಿರಾಕಿಗಳಿಗೆ ಕೇಳಿಸುತ್ತವೆ. ಇವೆರಡರ ನಡುವೆ ಇನ್ನೊಂದು ಬಗೆಯ ಹಾಡೂ ಇದೆ. ಅದು ಕ್ರೈಸ್ತ ಯುವಕರ ಮೊಬೈಲಿನಲ್ಲಿದೆ. ಪದಗಳು ಅಜ್ಜಿಯ ಕಾಲದವು. ಆದರೆ ಹಿಂದೆ ಆರ್ಗನ್ ಇದ್ದ ಜಾಗದಲ್ಲಿ ವಿದ್ಯುತ್ ಗಿಟಾರು ಇದೆ, ಡ್ರಮ್ ಇದೆ, ಗಂಟಲು ಬಿಚ್ಚಿ ಹಾಡುವ ಗಾಯಕನಿದ್ದಾನೆ. ಇದಕ್ಕೆ ಕ್ರಿಶ್ಚಿಯನ್ ರಾಕ್ ಎಂದು ಹೆಸರು. ಒಂದೇ ಮನೆಯಲ್ಲಿ ತಂದೆಗೆ ಇದು ಗದ್ದಲ, ಮಗಳಿಗೆ ಇದೇ ಪ್ರಾರ್ಥನೆ.

ಮುಸ್ಲಿಮ್ ವಾರಪತ್ರಿಕೆಯೊಂದಕ್ಕೆ ಈ ಜಗಳದಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಪ್ರವಾದಿ ಈಸಾ(ಅ)ರನ್ನು ನಾವು ದೇವಪುತ್ರರೆಂದು ನಂಬುವುದಿಲ್ಲ. ಅಲ್ಲಾಹನ ದಾಸರೂ ಸಂದೇಶವಾಹಕರೂ ಆದ ಅವರನ್ನು, ಅವರ ತಾಯಿ ಮರ್ಯಮ್(ಅ)ರನ್ನು ಗೌರವಿಸದೆ ನಮ್ಮ ವಿಶ್ವಾಸ ಪೂರ್ಣವಾಗುವುದೂ ಇಲ್ಲ. ಕ್ರಿಸ್ಮಸ್ ನಮ್ಮ ಹಬ್ಬವಲ್ಲ. ಆದರೆ ಭಕ್ತಿಯ ಹಾಡಿಗೆ ಯಾವ ವಾದ್ಯ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಜಗಳ ನಮ್ಮದೂ ಹೌದು. ಸಾಮಿ ಯೂಸುಫ್, ಮಾಹಿರ್ ಝೈನ್ ಅವರ ಹಾಡುಗಳ ಹೆಸರಿನಲ್ಲಿ ಅದು ನಮ್ಮ ಮನೆಗಳಲ್ಲೂ ನಡೆಯುತ್ತಿದೆ. ನೆರೆಯವರು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದು ಬಂದ ದಾರಿಯಲ್ಲಿ ನಾವು ಈಗಷ್ಟೇ ಕಾಲಿಟ್ಟಿದ್ದೇವೆ. ಅವರು ಎಲ್ಲಿ ಎಡವಿದರು, ಎಲ್ಲಿ ಸಾವರಿಸಿಕೊಂಡರು ಎಂಬುದನ್ನು ನೋಡುವುದು ವಿವೇಕದ ಲಕ್ಷಣ.

ಒಂದು ಆಲ್ಬಮ್, ನಾಲ್ಕು ಅಭಿಪ್ರಾಯಗಳು

ಉದಾಹರಣೆಗಾಗಿ ಒಂದು ಆಲ್ಬಮನ್ನು ತೆಗೆದುಕೊಳ್ಳೋಣ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ 'ಥರ್ಡ್ ಡೇ' ಎಂಬ ರಾಕ್ ತಂಡ 2006ರಲ್ಲಿ 'ಕ್ರಿಸ್ಮಸ್ ಆಫರಿಂಗ್ಸ್' ಎಂಬ ಹೆಸರಿನಲ್ಲಿ ಕ್ರಿಸ್ಮಸ್ ಗೀತೆಗಳನ್ನು ಹೊರತಂದಿತು. ಯೇಸು ಮೂರನೆಯ ದಿನ ಎದ್ದು ಬಂದರೆಂಬ ಕ್ರೈಸ್ತ ನಂಬಿಕೆಯಿಂದ ತಂಡ ತನ್ನ ಹೆಸರನ್ನು ಪಡೆದುಕೊಂಡಿದೆ. ಮ್ಯಾಕ್ ಪೊವೆಲ್ ಅದರ ಮುಖ್ಯ ಗಾಯಕರಾಗಿದ್ದರು. 2018ರಲ್ಲಿ ತಂಡ ಬೀಳ್ಕೊಡುಗೆಯ ಪ್ರವಾಸ ಮಾಡಿ ಚದುರಿಹೋಯಿತು. ಆಲ್ಬಮಿನಲ್ಲಿ ಬಹುಪಾಲು ಹಳೆಯ ಕ್ಯಾರಲ್‌ಗಳೇ ಇವೆ. ಕೆಲವು ಹಾಡುಗಳು ಮಾತ್ರ ಹೊಸವು.

ಇಂತಹ ಆಲ್ಬಮ್‌ಗಳ ಬಗ್ಗೆ ಕೇಳುಗರು ನಾಲ್ಕು ಗುಂಪುಗಳಾಗುತ್ತಾರೆ. ನಮ್ಮ ಕ್ರೈಸ್ತ ಮಿತ್ರರ ಮಾತುಗಳಲ್ಲಿಯೂ ಈ ನಾಲ್ಕು ಧ್ವನಿಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಮೊದಲನೆಯವರು ಸಂತೋಷಪಡುವವರು. ಬಾಲ್ಯದಿಂದ ಬಾಯಿಪಾಠವಾಗಿ ಅರ್ಥವನ್ನೇ ಕಳೆದುಕೊಂಡಿದ್ದ ಪದಗಳು ಹೊಸ ನಾದದಲ್ಲಿ ಮತ್ತೆ ಜೀವ ಪಡೆದವು ಎನ್ನುತ್ತಾರೆ. ಎರಡನೆಯವರಿಗೆ ಇದು ಅಪಚಾರ. ಗೋದಲಿಯ ಮುಂದೆ ಮೌನವಾಗಿ ಮಂಡಿಯೂರಬೇಕಾದ ರಾತ್ರಿಯಲ್ಲಿ ಡ್ರಮ್ ಬಾರಿಸುವುದೇ ಎಂಬುದು ಅವರ ನೋವು. ಮೂರನೆಯವರ ದೂರು ತದ್ವಿರುದ್ಧವಾದದ್ದು. ಇದು ಸಾಕಷ್ಟು ರಾಕ್ ಆಗಿಲ್ಲ, ಹಳೆಯ ಹಾಡುಗಳನ್ನೇ ಅಂಜಿಕೆಯಿಂದ ಮತ್ತೆ ಹಾಡಿದ್ದಾರೆ, ಸ್ವಂತದ್ದು ಬಹಳ ಕಡಿಮೆ ಎನ್ನುತ್ತಾರೆ ಅವರು. ನಾಲ್ಕನೆಯವರು ಹಾಡಿಗಿಂತ ಅದು ಬಂದ ಕಾಲವನ್ನು ನೋಡುತ್ತಾರೆ. ಪ್ರತಿ ವರ್ಷ ಹಬ್ಬಕ್ಕೆ ಮುಂಚಿತವಾಗಿ ಒಬ್ಬರಲ್ಲ ಒಬ್ಬರು ಕ್ರಿಸ್ಮಸ್ ಆಲ್ಬಮ್ ಹೊರತರುವುದು ಭಕ್ತಿಗೋ ವ್ಯಾಪಾರಕ್ಕೋ ಎಂದು ಕೇಳುತ್ತಾರೆ.

ನಾಲ್ಕು ಗುಂಪುಗಳ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾವು ಹಾಗೆ ಮಾಡಲಾರೆವು. ಎರಡನೆಯ ಗುಂಪಿನ ವಾದ ಇತಿಹಾಸದ ಮುಂದೆ ನಿಲ್ಲುವುದಿಲ್ಲ, ನಾಲ್ಕನೆಯ ಗುಂಪಿನ ಪ್ರಶ್ನೆಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದಿಡುತ್ತೇವೆ.

ಹಳೆಯದು ಎಂಬುದು ಎಷ್ಟು ಹಳೆಯದು?

ಕ್ರಿಸ್ಮಸ್ ಹಾಡುಗಳಲ್ಲೆಲ್ಲ ಅತ್ಯಂತ ಸೌಮ್ಯವಾದದ್ದು, ಆರ್ಗನ್ನಿಗೇ ಹೇಳಿ ಮಾಡಿಸಿದ್ದು ಎಂದು ಭಾವಿಸಲಾದ ಹಾಡು 'ಸೈಲೆಂಟ್ ನೈಟ್'. ಅದು ಮೊದಲ ಬಾರಿಗೆ ಕೇಳಿಬಂದದ್ದು 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಊರಿನ ಚರ್ಚಿನಲ್ಲಿ. ಪದಗಳು ಯೋಸೆಫ್ ಮೋರ್ ಎಂಬ ಯುವ ಪಾದ್ರಿಯವು, ರಾಗ ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾ ಶಿಕ್ಷಕರದು. ಅಂದು ಅವರಿಬ್ಬರೂ ಅದನ್ನು ಹಾಡಿದ್ದು ಆರ್ಗನ್ನಿನ ಜೊತೆಗಲ್ಲ, ಗಿಟಾರಿನ ಜೊತೆಗೆ! ಯಾವ ವಾದ್ಯವನ್ನು ಇಂದು ಪರಂಪರೆಯ ಹೆಸರಿನಲ್ಲಿ ಹೊರಗಿಡಲಾಗುತ್ತದೆಯೋ ಆ ವಾದ್ಯದಿಂದಲೇ ಪರಂಪರೆಯ ಅತ್ಯಂತ ಪ್ರೀತಿಯ ಹಾಡು ಹುಟ್ಟಿತು.

'ವಾಟ್ ಚೈಲ್ಡ್ ಈಸ್ ದಿಸ್' ಎಂಬುದು ಇನ್ನೊಂದು ಪ್ರಸಿದ್ಧ ಕ್ಯಾರಲ್. ಅದರ ಪದಗಳನ್ನು ವಿಲಿಯಮ್ ಡಿಕ್ಸ್ 1865ರಲ್ಲಿ ಬರೆದರು. ರಾಗ ಮಾತ್ರ 'ಗ್ರೀನ್‌ಸ್ಲೀವ್ಸ್' ಎಂಬ ಹಳೆಯ ಇಂಗ್ಲಿಷ್ ಪ್ರೇಮಗೀತೆಯದು. ಐಸಾಕ್ ವಾಟ್ಸ್ 1719ರಲ್ಲಿ ಪ್ರಕಟಿಸಿದ 'ಜಾಯ್ ಟು ದಿ ವರ್ಲ್ಡ್' ಕ್ರಿಸ್ಮಸ್‌ಗಾಗಿ ಬರೆದದ್ದೇ ಅಲ್ಲ. ಅದು ಬೈಬಲ್‌ನ 98ನೆಯ ಕೀರ್ತನೆಯನ್ನು ಆಧರಿಸಿದ ಸ್ತುತಿ. ನಾವು ಝಬೂರ್ ಎಂದು ಕರೆಯುವ, ಪ್ರವಾದಿ ದಾವೂದ್(ಅ)ರಿಗೆ ನೀಡಲಾದ ಗ್ರಂಥದ ಸ್ಮರಣೆ ಆ ಕೀರ್ತನೆಗಳಿಗಿದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಈ ಮೂರೂ ಹಾಡುಗಳು ಥರ್ಡ್ ಡೇ ತಂಡದ ಆಲ್ಬಮಿನಲ್ಲಿವೆ. ಅವುಗಳನ್ನು ಗಿಟಾರಿನಲ್ಲಿ ಕೇಳಿ ಪರಂಪರೆ ಕೆಟ್ಟಿತೆಂದು ಮರುಗುವವರು ಆ ಪರಂಪರೆಯ ಹುಟ್ಟನ್ನು ನೋಡಿಲ್ಲ.

ಅಷ್ಟೇಕೆ, ಕ್ರಿಸ್ಮಸ್ ಆಚರಣೆಯನ್ನೇ ಅಧರ್ಮವೆಂದು ಕಂಡ ಕ್ರೈಸ್ತರಿದ್ದರು. ಪ್ಯೂರಿಟನ್ನರ ಪ್ರಾಬಲ್ಯವಿದ್ದ ಇಂಗ್ಲೆಂಡಿನ ಸಂಸತ್ತು 1647ರಲ್ಲಿ ಆ ಹಬ್ಬವನ್ನು ರದ್ದುಗೊಳಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವಿತ್ತು. ಬೈಬಲ್‌ನಲ್ಲಿ ಇಲ್ಲದ ದಿನವನ್ನು ಹಬ್ಬವಾಗಿ ಮಾಡಿಕೊಂಡಿದ್ದಾರೆ ಎಂಬುದು ಅವರ ಆಕ್ಷೇಪ. ನಮ್ಮಲ್ಲಿ ಬಿದ್‌ಅತ್ ಎಂಬ ಪದವನ್ನು ಬಳಸಿ ನಡೆಯುವ ಚರ್ಚೆಗಳನ್ನು ಬಲ್ಲವರಿಗೆ ಈ ವಾದ ಅಪರಿಚಿತವೆನಿಸದು. ಇನ್ನು ವಾದ್ಯಗಳ ವಿಷಯ. ಪೂರ್ವದ ಆರ್ಥಡಾಕ್ಸ್ ಚರ್ಚುಗಳಲ್ಲಿ ಹೆಚ್ಚಿನವು ಇಂದಿಗೂ ವಾದ್ಯವಿಲ್ಲದೆಯೇ ಹಾಡುತ್ತವೆ. ಹತ್ತನೆಯ ಪಯಸ್ ಪೋಪರು 1903ರ ಆದೇಶದಲ್ಲಿ ಚರ್ಚಿನೊಳಗೆ ಪಿಯಾನೋವನ್ನೂ ಡ್ರಮ್ಮಿನಂತಹ ಸದ್ದಿನ ವಾದ್ಯಗಳನ್ನೂ ನಿಷೇಧಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬಾಗಿಲನ್ನು ಸ್ವಲ್ಪ ತೆರೆಯಿತು. ಒಂದು ತಲೆಮಾರಿಗೆ ಪಿಯಾನೋ ಲೌಕಿಕ. ಮುಂದಿನ ತಲೆಮಾರಿಗೆ ಅದೇ ಗಂಭೀರ. ಕಾಲದೊಂದಿಗೆ ಸರಿಯುತ್ತಲೇ ಇರುವ ಗೆರೆಯನ್ನು ದೇವರೇ ಎಳೆದ ಗೆರೆ ಎಂದು ಹೇಗೆ ಹೇಳುವುದು?

ಕನ್ನಡದಲ್ಲಿ ನಡೆದದ್ದು

ಈ ಚರ್ಚೆಗೆ ಕನ್ನಡ ನಾಡಿನ ಅಧ್ಯಾಯವೂ ಇದೆ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ಬಲ್ಲೆವು. ಅದಕ್ಕೆ ಮೂರು ದಶಕಗಳ ಮೊದಲು, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ, ಕಾವ್ಯರೂಪದಲ್ಲಿ ಹೇಳಿದ್ದರು. ಜರ್ಮನ್ ಸ್ತೋತ್ರಗಳ ರಾಗಕ್ಕೆ ಕನ್ನಡ ಪದಗಳನ್ನು ತುಂಬುವುದಷ್ಟೇ ಸಾಲದು, ಇಲ್ಲಿಯ ಜನ ಕೇಳಿ ಬೆಳೆದ ಲಯವೇ ಬೇಕು ಎಂಬ ಅರಿವು ಆ ಕೃತಿಯ ಹಿಂದೆ ಕಾಣುತ್ತದೆ.

ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ಅಮಲೋರ್‌ಪವದಾಸ್ ಎಂಬ ಧರ್ಮಗುರುಗಳ ನೇತೃತ್ವದಲ್ಲಿ ಆರಂಭವಾದ ಕ್ಯಾಥೊಲಿಕ್ ಕೇಂದ್ರ ಇನ್ನೂ ಮುಂದೆ ಹೋಯಿತು. ಆರಾಧನೆಯಲ್ಲಿ ಭಜನೆ, ಆರತಿ, ನೆಲದ ಮೇಲೆ ಕುಳಿತು ಪ್ರಾರ್ಥಿಸುವ ಕ್ರಮಗಳನ್ನು ತಂದಿತು. ಇದು ಹಿಂದೂಕರಣ ಎಂದು ಕ್ಯಾಥೊಲಿಕರಲ್ಲೇ ಒಂದು ವರ್ಗ ಬಲವಾಗಿ ಪ್ರತಿಭಟಿಸಿತು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ತಂಬೂರಿ ತಂದರೆ ದೇವಸ್ಥಾನದ ವಾಸನೆ, ಗಿಟಾರು ತಂದರೆ ನೈಟ್ ಕ್ಲಬ್ಬಿನ ವಾಸನೆ. ಹಾಗಾದರೆ ವಾಸನೆಯಿಲ್ಲದ ವಾದ್ಯ ಯಾವುದು? ಯುರೋಪಿನಿಂದ ಹಡಗಿನಲ್ಲಿ ಬಂದ ಆರ್ಗನ್ನಿಗೂ ಒಂದು ಊರಿನ ವಾಸನೆ ಇರಲಿಲ್ಲವೇ? ರೂಢಿಯಾದ ವಾಸನೆ ಮೂಗಿಗೆ ತಿಳಿಯುವುದಿಲ್ಲ, ಅಷ್ಟೇ.

ಎರಡನೆಯ ಗುಂಪಿನ ಭಯಕ್ಕೆ ಕಾರಣವೇ ಇಲ್ಲವೇ?

ಇದೆ. ಅದನ್ನು ಒಪ್ಪಿಕೊಳ್ಳುವುದು ನ್ಯಾಯ. ರಾಕ್ ಸಂಗೀತ ಅಮೆರಿಕದಲ್ಲಿ ಬೆಳೆದದ್ದು ಮದ್ಯ, ಮಾದಕ ವಸ್ತು, ಸ್ವೇಚ್ಛೆಗಳ ಒಡನಾಟದಲ್ಲಿ. 1969ರಲ್ಲಿ ಲ್ಯಾರಿ ನಾರ್ಮನ್ ಎಂಬ ಗಾಯಕ 'ಅಪಾನ್ ದಿಸ್ ರಾಕ್' ಎಂಬ ಆಲ್ಬಮ್ ಹೊರತಂದಾಗ, ಅದನ್ನು ಕ್ರೈಸ್ತ ರಾಕ್‌ನ ಮೊದಲ ಹೆಜ್ಜೆಗಳಲ್ಲೊಂದು ಎಂದು ಮುಂದೆ ಹೊಗಳಿದವರೂ ಇದ್ದರು, ಅಂತಹ ಹಾಡನ್ನು ಚರ್ಚಿನೊಳಗೆ ಬಿಡಲಾರೆವು ಎಂದವರೂ ಇದ್ದರು. ಪ್ರಸಿದ್ಧ ದೂರದರ್ಶನ ಬೋಧಕ ಜಿಮ್ಮಿ ಸ್ವಾಗರ್ಟ್ 1987ರಲ್ಲಿ ಧಾರ್ಮಿಕ ರಾಕ್ ಸಂಗೀತವನ್ನು ಕುರಿಯ ಚರ್ಮ ಹೊದ್ದ ತೋಳ ಎಂದು ಕರೆಯುವ ಪುಸ್ತಕವನ್ನೇ ಬರೆದರು. ನಮ್ಮ ಬಳ್ಳಾರಿ ರಸ್ತೆಯ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡ ಭಾರತದ ತನ್ನ ಮೊದಲ ಕಛೇರಿ ನಡೆಸಿತು. ಸೈತಾನನನ್ನು ಕೊಂಡಾಡುತ್ತದೆ ಎಂದು 1982ರಲ್ಲಿ ಅಮೆರಿಕದ ಕ್ರೈಸ್ತ ಗುಂಪುಗಳು ಪ್ರತಿಭಟಿಸಿದ್ದು ಅದೇ ತಂಡದ ಹಾಡುಗಳ ವಿರುದ್ಧ. ಅಂತಹ ಕಛೇರಿಯಲ್ಲಿ ಕೇಳಿದ ನಾದವೇ ಭಾನುವಾರ ಬೆಳಗ್ಗೆ ಪ್ರಾರ್ಥನೆಯಲ್ಲಿ ಕೇಳಿಸಿದರೆ ಹಿರಿಯರ ಎದೆ ಝಲ್ಲೆನ್ನುವುದು ಸಹಜವೇ.

ಈ ಭಯಕ್ಕೆ ನಮ್ಮ ಪರಂಪರೆಯಲ್ಲಿ ಒಂದು ತೂಕದ ವಿವರಣೆಯಿದೆ. ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್'ನಲ್ಲಿ ಸಂಗೀತ ಕೇಳುವುದರ ಬಗ್ಗೆ ಒಂದು ಸ್ವತಂತ್ರ ಭಾಗವನ್ನೇ ಮೀಸಲಿಟ್ಟಿದ್ದಾರೆ. ಇಂಪಾದ ದನಿ ತನ್ನಷ್ಟಕ್ಕೆ ನಿಷಿದ್ಧವಲ್ಲ ಎಂದು ಅವರು ವಾದಿಸುತ್ತಾರೆ. ಆದರೆ ತಂತಿವಾದ್ಯಗಳನ್ನು ಅವರು ತಡೆಯುತ್ತಾರೆ. ಯಾಕೆ? ಅವರ ಕಾಲದಲ್ಲಿ ಅವು ಕುಡುಕರ ಕೂಟಗಳ ಗುರುತಾಗಿದ್ದವು. ಅವು ಮದ್ಯವನ್ನು ನೆನಪಿಸುತ್ತವೆ, ಅತ್ತ ಸೆಳೆಯುತ್ತವೆ, ಅಂಥವರನ್ನು ಅನುಕರಿಸಿದಂತಾಗುತ್ತದೆ ಎಂಬ ಕಾರಣಕ್ಕೆ. ಹಾಡುವವರು, ವಾದ್ಯ, ಪದಗಳು, ಕೇಳುವವನ ಮನಸ್ಸು, ಅದರಲ್ಲೇ ಕಾಲ ಕಳೆಯುವ ಚಟ ಎಂಬ ಐದು ನೆಲೆಗಳಲ್ಲಿ ಹಾಡು ನಿಷಿದ್ಧವಾಗಬಹುದೆಂದು ಅವರು ವಿಂಗಡಿಸುತ್ತಾರೆ. ವಾದ್ಯ ಆ ಐದರಲ್ಲಿ ಒಂದು ಮಾತ್ರ. ಅದಕ್ಕೂ ಅವರು ಕೊಡುವ ಕಾರಣ ಅದು ನುಡಿಯುವ ಕೂಟ. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಇದು: ಈ ಹಾಡು ಇಂದು ಯಾವ ಕೂಟದಲ್ಲಿ ಕುಳಿತಿದೆ?

ಹೊಸ ಕೂಟದ ಹೆಸರು ಮಾರುಕಟ್ಟೆ

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾಲ್ಕನೆಯ ಗುಂಪಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಇಂದಿನ ಗಿಟಾರು ಹೆಂಡದಂಗಡಿಯ ಗುರುತಾಗಿ ಉಳಿದಿಲ್ಲ. ಆರ್.ಟಿ. ನಗರದ ಬಳಿ ಅರುಣಾ ಸುಂದರ್‌ಲಾಲ್ ಅವರು 1987ರಲ್ಲಿ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂತಹ ಶಾಲೆಗಳಲ್ಲಿ ಮಕ್ಕಳು ಪಾಶ್ಚಾತ್ಯ ವಾದ್ಯಗಳನ್ನು ಗಣಿತದ ಪಾಠದಷ್ಟೇ ಶಿಸ್ತಿನಿಂದ ಕಲಿಯುತ್ತಾರೆ. ಆದರೆ ಭಕ್ತಿಗೀತೆ ಹೊಸದೊಂದು ಕೂಟಕ್ಕೆ ಸೇರಿದೆ. ಅಲ್ಲಿ ಮದ್ಯವಿಲ್ಲ, ಅಶ್ಲೀಲವಿಲ್ಲ, ಎಲ್ಲವೂ ಸಭ್ಯ. ಅಲ್ಲಿರುವುದು ತಾರೆ, ವೇದಿಕೆ ಮತ್ತು ಬೆಲೆಪಟ್ಟಿ. ಅಮೆರಿಕದಲ್ಲಿ ಕ್ರೈಸ್ತ ಸಂಗೀತಕ್ಕಾಗಿ ನೀಡಲಾಗುವ ಡವ್ ಪ್ರಶಸ್ತಿಗಳಲ್ಲಿ ಕ್ರಿಸ್ಮಸ್ ಆಲ್ಬಮ್‌ಗೆಂದೇ ಒಂದು ವಿಭಾಗವಿದೆ. ಹಬ್ಬವೊಂದು ಸರಕಿನ ವಿಭಾಗವಾಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಮೂರನೆಯ ಗುಂಪಿನವರು ದೂರುವ ಅಂಜಿಕೆಯ ಮೂಲವೂ ಇಲ್ಲೇ ಇದೆ ಎಂದು ನಮಗನ್ನಿಸುತ್ತದೆ. ಎಲ್ಲರೂ ಬಲ್ಲ ಹಾಡು ಎಲ್ಲರಿಗೂ ಮಾರಾಟವಾಗುತ್ತದೆ. ಹೊಸ ಹಾಡಿನಲ್ಲಿ ನಷ್ಟದ ಭಯವಿದೆ.

ಇದರಿಂದ ಆಗುವ ಹಾನಿ ಏನೆಂಬುದಕ್ಕೆ ಅದೇ ಆಲ್ಬಮಿನಿಂದ ಒಂದು ಉದಾಹರಣೆ ಕೊಡಬಹುದು. ಅದರಲ್ಲಿ 'ಡು ಯು ಹಿಯರ್ ವಾಟ್ ಐ ಹಿಯರ್' ಎಂಬ ಹಾಡಿದೆ. ನೋಯೆಲ್ ರೆಗ್ನಿ ಮತ್ತು ಗ್ಲೋರಿಯಾ ಶೇಯ್ನ್ ದಂಪತಿ ಅದನ್ನು ರಚಿಸಿದ್ದು 1962ರ ಅಕ್ಟೋಬರ್‌ನಲ್ಲಿ. ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದು ನಿಂತ ದಿನಗಳವು. ನಾಳೆ ನಮ್ಮ ಮಕ್ಕಳು ಬದುಕಿರುತ್ತಾರೋ ಇಲ್ಲವೋ ಎಂದು ಜನ ಹೆದರಿದ್ದ ಹೊತ್ತಿನಲ್ಲಿ ಹುಟ್ಟಿದ ಶಾಂತಿಯ ಮೊರೆ ಅದು. ಇಂದು ಅದೇ ಹಾಡು ಮಾಲ್‌ಗಳಲ್ಲಿ ಚಪ್ಪಲಿಯ ರಿಯಾಯಿತಿ ಮಾರಾಟಕ್ಕೆ ಹಿನ್ನೆಲೆ ಸಂಗೀತವಾಗಿದೆ. ಗಾಝಾದಲ್ಲಿ, ಈಸಾ(ಅ)ರ ಜನ್ಮಸ್ಥಳವಾದ ಬೆತ್ಲೆಹೇಮ್‌ನಿಂದ ನೂರು ಕಿಲೋಮೀಟರ್ ಕೂಡ ದೂರವಿಲ್ಲದ ನೆಲದಲ್ಲಿ, 2023ರ ಅಕ್ಟೋಬರ್‌ನಿಂದ ಸಾವಿರಾರು ಮಕ್ಕಳು ಕೊಲ್ಲಲ್ಪಟ್ಟರು. ಆ ವರ್ಷ ಬೆತ್ಲೆಹೇಮ್‌ನ ಕ್ರೈಸ್ತರು ಸಾರ್ವಜನಿಕ ಸಂಭ್ರಮವನ್ನೇ ಕೈಬಿಟ್ಟರು. ಅಲ್ಲಿಯ ಒಂದು ಲೂಥರನ್ ಚರ್ಚ್ ಗೋದಲಿಯ ಮಗುವನ್ನು ಕಟ್ಟಡದ ಕಲ್ಲುಮಣ್ಣಿನ ರಾಶಿಯ ನಡುವೆ ಮಲಗಿಸಿತು. ಒಂದು ಹಾಡನ್ನು ಆರ್ಗನ್ನಿನಲ್ಲಿ ಹಾಡಿದರೆ ಈ ಮೊರೆ ಕೇಳಿಸುತ್ತದೆಯೇ, ಗಿಟಾರಿನಲ್ಲಿ ಹಾಡಿದರೆ ಕೇಳಿಸುತ್ತದೆಯೇ ಎಂಬುದು ಗೌಣ. ಮೊರೆಯನ್ನು ಕೇಳಿಸದಂತೆ ಮಾಡಿದ್ದು ವಾದ್ಯವಲ್ಲ, ಅಂಗಡಿ.

ಇನ್ನು ನಮ್ಮ ಮನೆಗೆ ಬರೋಣ

ವಾದ್ಯದ ವಿಷಯದಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಮದ್ಯ, ರೇಷ್ಮೆ, ವ್ಯಭಿಚಾರಗಳ ಜೊತೆಗೆ ವಾದ್ಯಗಳನ್ನೂ ಧರ್ಮಬದ್ಧವೆಂದು ಭಾವಿಸುವ ಜನರು ಬರಲಿದ್ದಾರೆ ಎಂಬ ಎಚ್ಚರಿಕೆಯ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಬಹುಸಂಖ್ಯಾತ ಫಿಕ್‌ಹ್ ವಿದ್ವಾಂಸರು ಅದರ ಆಧಾರದಲ್ಲಿ ವಾದ್ಯಗಳನ್ನು ನಿಷೇಧಿಸಿದರು. ಇಬ್ನು ಹಝ್ಮ್(ರ) ಆ ವರದಿಯ ಸರಣಿಯನ್ನು ಪ್ರಶ್ನಿಸಿದರು. ಇಬ್ನು ಹಜರ್(ರ) ಅವರಂತಹ ಹದೀಸ್ ವಿದ್ವಾಂಸರು ಅದಕ್ಕೆ ಉತ್ತರಿಸಿದರು. ನಮ್ಮ ಕಾಲದಲ್ಲಿ ಅಲ್ಲಾಮಾ ಯೂಸುಫುಲ್ ಕರ್‌ಝಾವಿ(ರ) ಷರತ್ತುಗಳೊಂದಿಗೆ ಅನುಮತಿಸಿದರು. ಅದೇ ಬುಖಾರಿಯಲ್ಲಿ ಇನ್ನೊಂದು ಘಟನೆಯೂ ಇದೆ. ಈದ್‌ನ ದಿನ ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ಹಝ್ರತ್ ಅಬೂಬಕರ್(ರ) ಗದರಿಸಿದರು. ಪ್ರವಾದಿ(ಸ) ಅವರನ್ನು ತಡೆದು, ಪ್ರತಿ ಜನಾಂಗಕ್ಕೂ ಹಬ್ಬವಿರುತ್ತದೆ, ಇದು ನಮ್ಮ ಹಬ್ಬ ಎಂಬ ಅರ್ಥದ ಮಾತನ್ನು ಹೇಳಿದರು. ಗದರಿಸಿದವರ ಧರ್ಮಾಭಿಮಾನದಲ್ಲಿ ಸಂದೇಹವಿರಲಿಲ್ಲ. ಹಾಡಿದವರ ವಿಶ್ವಾಸವನ್ನೂ ಯಾರೂ ಸಂದೇಹಿಸಲಿಲ್ಲ.

ಇಂದಿನ ನಮ್ಮ ಹಾಡುಗಾರರನ್ನೇ ನೋಡಿ. ಕ್ಯಾಟ್ ಸ್ಟೀವನ್ಸ್ ಎಂಬ ಪ್ರಸಿದ್ಧ ಗಾಯಕ 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು. ಗಿಟಾರುಗಳನ್ನು ದಾನಕ್ಕಾಗಿ ಹರಾಜು ಹಾಕಿ ಸಂಗೀತದಿಂದ ದೂರವಾದರು. 2006ರಲ್ಲಿ 'ಆ್ಯನ್ ಅದರ್ ಕಪ್' ಆಲ್ಬಮಿನೊಂದಿಗೆ ಗಿಟಾರಿನ ಸಮೇತ ಹಿಂದಿರುಗಿದರು. ಪಾಕಿಸ್ತಾನದ ಜುನೈದ್ ಜಮ್ಶೇದ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದರು. ಪಾಪ್ ಸಂಗೀತದ ಉತ್ತುಂಗದಿಂದ ಇಳಿದು ತಬ್ಲೀಗ್‌ಗೆ ಬಂದು, ವಾದ್ಯವಿಲ್ಲದ ನಅತ್‌ಗಳನ್ನು ಹಾಡುತ್ತಾ, 2016ರ ಡಿಸೆಂಬರ್‌ನ ವಿಮಾನ ದುರಂತದಲ್ಲಿ ತೀರಿಕೊಂಡರು. ಇಬ್ಬರೂ ಅಲ್ಲಾಹನಿಗೆ ಹೆದರಿಯೇ ತೀರ್ಮಾನಿಸಿದರು. ತಲುಪಿದ ಜಾಗ ಮಾತ್ರ ಬೇರೆಯಾಯಿತು. ಇವರಲ್ಲಿ ಒಬ್ಬರನ್ನು ಮಾತ್ರ ಮುಸ್ಲಿಮರೆಂದು ಆರಿಸಿಕೊಳ್ಳಲು ನಮಗೆ ಅಧಿಕಾರ ಕೊಟ್ಟವರು ಯಾರು?

ಮಾರುಕಟ್ಟೆಯ ಜಾಣ್ಮೆಗೆ ನಮ್ಮಲ್ಲಿಯೂ ಉದಾಹರಣೆ ಇದೆ. ಸಾಮಿ ಯೂಸುಫ್ ಅವರ 2005ರ 'ಮೈ ಉಮ್ಮಃ' ಆಲ್ಬಮ್ ಎರಡು ರೂಪಗಳಲ್ಲಿ ಬಂತು: ಒಂದರಲ್ಲಿ ಎಲ್ಲ ವಾದ್ಯಗಳು, ಇನ್ನೊಂದರಲ್ಲಿ ತಾಳವಾದ್ಯ ಮಾತ್ರ. ವಿದ್ವಾಂಸರ ಭಿನ್ನಾಭಿಪ್ರಾಯವನ್ನು ಗೌರವಿಸಿದ್ದಾರೆ ಎಂದು ಇದನ್ನು ಒಳ್ಳೆಯ ರೀತಿಯಲ್ಲಿ ಅರ್ಥೈಸಬಹುದು. ಆದರೆ ಸಾವಿರ ವರ್ಷಗಳ ಫಿಕ್‌ಹ್ ಚರ್ಚೆ ಕೊನೆಗೆ ಎರಡು ಸಿ.ಡಿ.ಗಳಾಗಿ ಅಂಗಡಿಯಲ್ಲಿ ಅಕ್ಕಪಕ್ಕ ಕುಳಿತದ್ದನ್ನು ಕಂಡಾಗ ಎಚ್ಚರವೂ ಹುಟ್ಟಬೇಕು. ತಾಳವಾದ್ಯದ ರೂಪವನ್ನು ಕೊಂಡ ತಂದೆ ತಾನು ಹರಾಮಿನಿಂದ ಪಾರಾದೆನೆಂದು ನಿರಾಳನಾಗುತ್ತಾನೆ. ಮಗ ಆ ಗಾಯಕನ ಕೂದಲು, ಉಡುಪು, ಭಂಗಿಗಳನ್ನು ಅನುಕರಿಸುತ್ತಿರುವುದು ಅವನ ಗಮನಕ್ಕೆ ಬರುವುದಿಲ್ಲ. ಗಝಾಲಿ(ರ) ಹೇಳಿದ ಐದು ನೆಲೆಗಳಲ್ಲಿ ಒಂದನ್ನು ಮಾತ್ರ ಕಾವಲು ಕಾದು ಉಳಿದ ನಾಲ್ಕರ ಬಾಗಿಲನ್ನು ತೆರೆದಿಟ್ಟಂತಾಯಿತು.

ಇನ್ನೊಂದು ಲೋಪವನ್ನೂ ಹೇಳಬೇಕು. ಕನ್ನಡ ಮುಸ್ಲಿಮ್ ಮಕ್ಕಳಿಗೆ ಕನ್ನಡದಲ್ಲಿ ಹಾಡಲು ನಾವು ಏನು ಕೊಟ್ಟಿದ್ದೇವೆ? ಶಿಶುನಾಳ ಶರೀಫರು ಹುಟ್ಟಿದ ನಾಡು ಇದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಿವೆ. ಮುಹರ್ರಮ್ ಆಚರಣೆಯಲ್ಲಿ ತಿದ್ದಬೇಕಾದ ಅಂಶಗಳಿವೆ ಎಂದು ಈ ಪುಟಗಳ ಓದುಗರು ಒಪ್ಪುತ್ತಾರೆ. ಆದರೆ ಆಚರಣೆಯನ್ನು ಖಂಡಿಸುವ ಭರದಲ್ಲಿ ಆ ಭಾಷೆಯನ್ನೂ ಕಳೆದುಕೊಂಡೆವು. ತೆರವಾದ ಜಾಗಕ್ಕೆ ಲಂಡನ್ನಿನ ಆಲ್ಬಮ್‌ಗಳು ಬಂದು ಕುಳಿತವು. ಕಿಟೆಲ್ ಅವರಿಗೆ 1862ರಲ್ಲಿ ಹೊಳೆದದ್ದು ನಮಗೆ ಇನ್ನೂ ಹೊಳೆದಿಲ್ಲ.

ಜಗಳವಾಡುವ ಹಕ್ಕು

ಕೊನೆಯದಾಗಿ, ಈ ವಿಷಯಕ್ಕೆ ರಾಜಕೀಯದ ಮುಖವೂ ಇದೆ. ಕ್ರೈಸ್ತರು ತಮ್ಮೊಳಗೆ ಗಿಟಾರು ಬೇಕೋ ಬೇಡವೋ ಎಂದು ಚರ್ಚಿಸುತ್ತಿರುವ ಹೊತ್ತಿನಲ್ಲೇ, ಹೊರಗಿನಿಂದ ಬಂದವರು ಹಾಡೇ ಬೇಡ ಎನ್ನುತ್ತಿದ್ದಾರೆ. 2005ರ ಜನವರಿಯಲ್ಲಿ ನಮ್ಮ ಜಕ್ಕೂರು ವಿಮಾನ ನಿಲ್ದಾಣದ ಬಯಲಿನಲ್ಲಿ ಅಮೆರಿಕದ ಬೋಧಕ ಬೆನ್ನಿ ಹಿನ್ ಮೂರು ದಿನಗಳ ಪ್ರಾರ್ಥನಾ ಸಭೆ ನಡೆಸಿದಾಗ ಸಂಘ ಪರಿವಾರದ ಸಂಘಟನೆಗಳು ಅದನ್ನು ತಡೆಯಬೇಕೆಂದು ಒತ್ತಾಯಿಸಿದ್ದವು. ಅಂತಹ ಪವಾಡದ ಸಭೆಗಳನ್ನು ಟೀಕಿಸಲು ಕಾರಣಗಳಿದ್ದವು. ಆದರೆ ಟೀಕೆ ಬೇರೆ, ತಡೆ ಬೇರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಗಳಾದವು. 2021ರ ಡಿಸೆಂಬರ್‌ನಲ್ಲಿ ಪಾಂಡವಪುರದ ಶಾಲೆಯೊಂದರ ಕ್ರಿಸ್ಮಸ್ ಆಚರಣೆಗೆ ಗುಂಪೊಂದು ನುಗ್ಗಿ ಪ್ರಶ್ನಿಸಿತು. 2022ರಲ್ಲಿ ಮತಾಂತರ ನಿಷೇಧದ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು.

ಹೊರಗಿನ ಒತ್ತಡ ಹೆಚ್ಚಾದಾಗ ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಒಂದು ದೌರ್ಬಲ್ಯ ಕಾಣಿಸಿಕೊಳ್ಳುತ್ತದೆ. ಈಗ ಒಳಜಗಳ ಬೇಡ, ಎಲ್ಲರೂ ಒಂದೇ ದನಿಯಲ್ಲಿ ಮಾತನಾಡಿ ಎಂದು ಹಿರಿಯರು ಹೇಳತೊಡಗುತ್ತಾರೆ. ಕೇಳಲು ಇದು ಐಕ್ಯದಂತೆ ತೋರುತ್ತದೆ. ಪರಿಣಾಮದಲ್ಲಿ ಸುಧಾರಣೆಯ ಬಾಯಿ ಮುಚ್ಚಿಸುತ್ತದೆ. ಸಂಗೀತವಿರಲಿ, ವರದಕ್ಷಿಣೆಯಿರಲಿ, ಮಸೀದಿಯಲ್ಲಿ ಮಹಿಳೆಯರಿಗೆ ಸ್ಥಳವಿರಲಿ, ಪ್ರಶ್ನೆ ಎತ್ತಿದವರಿಗೆಲ್ಲ ಇದು ಸಮಯವಲ್ಲ ಎಂಬ ಉತ್ತರ ದೊರೆಯುವುದನ್ನು ನಾವು ಕಂಡಿದ್ದೇವೆ. ಇಷ್ಟೆಲ್ಲ ಒತ್ತಡದ ನಡುವೆಯೂ ಒಂದು ಹಾಡಿನ ಬಗ್ಗೆ ನಾಲ್ಕು ಅಭಿಪ್ರಾಯಗಳನ್ನು ಬಹಿರಂಗವಾಗಿ ಇಟ್ಟುಕೊಂಡಿರುವ ನೆರೆಯವರ ನಡೆ ಅವರ ಬಲವನ್ನೇ ತೋರಿಸುತ್ತದೆ.

ಆದರೆ ಆ ಜಗಳಕ್ಕೆ ಅದಬು ಬೇಕು. ಇಮಾಮ್ ಅಬೂ ಹನೀಫಾ(ರ)ರ ಸಮಾಧಿಯ ಸಮೀಪ ನಮಾಝ್ ಮಾಡುವಾಗ ಇಮಾಮ್ ಶಾಫಿಈ(ರ) ತಮ್ಮ ಅಭಿಪ್ರಾಯದ ಕುನೂತನ್ನು ಅವರ ಗೌರವಾರ್ಥ ಬಿಟ್ಟರೆಂಬ ವೃತ್ತಾಂತವನ್ನು ಮದ್ರಸಗಳಲ್ಲಿ ಕಲಿಸಲಾಗುತ್ತದೆ. ಅದನ್ನು ಕಲಿತು ಹೊರಬಂದವರೇ, ಮೊಬೈಲಿನಲ್ಲಿ ನಶೀದ್ ಕೇಳಿದ ಹುಡುಗನನ್ನು ಜಮಾಅತ್‌ನ ಎದುರು ಅವಮಾನಿಸಿದರೆ, ಕಲಿತದ್ದು ಎಲ್ಲಿ ಹೋಯಿತು? ಹಾಗೆಯೇ ವಾದ್ಯವನ್ನು ಬಿಟ್ಟ ಹಿರಿಯನನ್ನು ಹಳೆಯ ಕಾಲದವನೆಂದು ನಗುವ ಯುವಕನೂ ತಪ್ಪಿತಸ್ಥನೇ. ಆ ಹಿರಿಯ ಬಿಟ್ಟದ್ದು ತನಗೆ ಇಷ್ಟವಾದದ್ದನ್ನೇ ಇರಬಹುದು.

ಆದುದರಿಂದ ನ್ಯಾಯವಾದ ದಾರಿ ಇದು ಎಂದು ನಾವು ಭಾವಿಸುತ್ತೇವೆ. ವಾದ್ಯದ ವಿಷಯದಲ್ಲಿ ಪ್ರತಿಯೊಬ್ಬರೂ ತಾವು ನಂಬುವ ವಿದ್ವಾಂಸರ ಅಭಿಪ್ರಾಯವನ್ನು ಪಾಲಿಸಲಿ; ಅದನ್ನು ಇನ್ನೊಬ್ಬರ ಈಮಾನನ್ನು ಅಳೆಯುವ ಕೋಲಾಗಿಸದಿರಲಿ. ಹಾಡಿನ ಪದಗಳನ್ನು ಮನೆಯಲ್ಲಿ ಕುಳಿತು ಚರ್ಚಿಸುವ ರೂಢಿ ಬೆಳೆಯಲಿ. ತೌಹೀದ್‌ಗೆ ವಿರುದ್ಧವಾದದ್ದು ಯಾವ ಇಂಪಾದ ದನಿಯಲ್ಲಿ ಬಂದರೂ ಅದನ್ನು ಬದಿಗಿಡುವ ವಿವೇಕ ಮಕ್ಕಳಿಗೆ ಬರಲಿ. ಹಾಡು ಯಾರನ್ನು ನೆನಪಿಸುತ್ತಿದೆ, ಅಲ್ಲಾಹನನ್ನೋ ಗಾಯಕನನ್ನೋ ಎಂದು ಪ್ರತಿಯೊಬ್ಬ ಕೇಳುಗನೂ ತನ್ನನ್ನು ಕೇಳಿಕೊಳ್ಳಲಿ. ಹಾಗೂ ಸಮುದಾಯದ ಕವಿಗಳು ಕನ್ನಡದಲ್ಲಿ ಬರೆಯಲಿ. ಮುಂದಿನ ಈದ್‌ನ ದಿನ ಆರ್.ಟಿ. ನಗರದ ಒಂದು ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡತೊಡಗಿದಾಗ ಗದರಿಸಲು ಒಬ್ಬರು ಎದ್ದಾರು. ಅವರನ್ನು ಮೃದುವಾಗಿ ತಡೆಯಬಲ್ಲ ಇನ್ನೊಬ್ಬರು ಆ ಮನೆಯಲ್ಲಿ ಇರುವಂತಾಗಬೇಕು.